‘ಬೇಡ’ ಎನ್ನಬಲ್ಲ ಕಸುಬು

ಸಾಲ ಮಾಡಿ ಅಂಗಡಿ ನಡೆಸುತ್ತಿರುವ ಒಬ್ಬ ವ್ಯಾಪಾರಿ ಒಂದು ಕೋಟಿ ರೂಪಾಯಿಯ ಟರ್ಮ್ ಪಾಲಿಸಿ ಮಾಡಿಸುತ್ತಾನೆ ಎಂದುಕೊಳ್ಳಿ. ನಾಳೆ ಅವನಿಗೆ ಏನಾದರೂ ಆದರೆ ಆ ಹಣದ ಮೇಲೆ ಸಾಲ ಕೊಟ್ಟವರು ಕಣ್ಣಿಡದೆ ಇರುವುದಿಲ್ಲ. ಆದರೆ ಪಾಲಿಸಿ ಕೊಳ್ಳುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯಡಿ ಇನ್ನೊಂದು ಫಾರಂ ತುಂಬಿ ಸಹಿ ಹಾಕಿದ್ದರೆ, ಆ ಹಣ ಹೆಂಡತಿ ಮಕ್ಕಳ ಟ್ರಸ್ಟ್ ಆಗಿ ನಿಲ್ಲುತ್ತದೆ. ಮೋಸದ ಉದ್ದೇಶದಿಂದ ಮಾಡಿಸಿದ ಪಾಲಿಸಿಯಲ್ಲದಿದ್ದರೆ ಸಾಲ ಕೊಟ್ಟವರ ಕೈ ಅಲ್ಲಿಗೆ ಎಟುಕದು. ಪಾಲಿಸಿ ಕೈಗೆ ಬಂದ ಮೇಲೆ ಈ ಫಾರಂ ನೆನಪಾದರೆ ಪ್ರಯೋಜನವಿಲ್ಲ. ಅದನ್ನು ಹೊತ್ತಿಗೆ ಸರಿಯಾಗಿ ಹೇಳುವವರು ಒಬ್ಬರು ಬೇಕು. ಹಣಕಾಸು ಯೋಜಕರ ಕೆಲಸದಲ್ಲಿ ಅಂಥ ಸಾರ್ಥಕತೆ ಏನಿದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಫಾರಮ್ಮನ್ನೇ.

ಮನೆ ಬಾಗಿಲಿಗೆ ಬಂದು ದುಡ್ಡಿನ ಮಾತಾಡುವವರು ಕನ್ನಡಿಗರಿಗೆ ಹೊಸಬರಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ, ಅದರ ಏಜೆಂಟರು ದಿನಕ್ಕೆ ಎರಡಾಣೆಗಾಗಿ ಮನೆ ಮನೆ ಹತ್ತಿಳಿದರು. ಬ್ಯಾಂಕಿನ ಮೆಟ್ಟಿಲು ತುಳಿಯದವರಿಗೂ ಉಳಿತಾಯದ ರೂಢಿ ಹತ್ತಿಸಿದವರು ಅವರು. 1956ರಲ್ಲಿ ಜೀವವಿಮಾ ನಿಗಮ ಬಂದ ಮೇಲೆ ಅದರ ಏಜೆಂಟರೂ ಮನೆಯವರಂತೆಯೇ ಆದರು. ಇವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಮಾರಿದರಷ್ಟೇ ಸಂಪಾದನೆ ಎಂಬ ಕಟ್ಟಳೆ ಒಳ್ಳೆಯವರ ನಾಲಿಗೆಯನ್ನೂ ಕಟ್ಟುತ್ತದೆ. ದೀರ್ಘಾವಧಿಯ ಪಾಲಿಸಿಗಳ ಮೊದಲ ವರ್ಷದ ಕಂತಿನಲ್ಲಿ ಶೇ 35ರವರೆಗೂ ಕಮಿಷನ್ ಬರುತ್ತಿದ್ದ ಕಾಲದಲ್ಲಿ, ‘ನಿಮಗೆ ಇದು ಬೇಡ’ ಎನ್ನುವ ಏಜೆಂಟ್ ತನ್ನ ಮನೆಯ ಅಕ್ಕಿಯನ್ನೇ ಬಿಟ್ಟುಕೊಡಬೇಕಿತ್ತು.

ಈ ಗಂಟು ಬಿಚ್ಚಲು ಅವಕಾಶವಾದದ್ದು ತೀರಾ ಈಚೆಗೆ. ಹೂಡಿಕೆ ಸಲಹೆಗಾರರು ತನ್ನಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2013ರಲ್ಲಿ ನಿಯಮ ತಂದಿತು. ಒಬ್ಬನೇ ಗ್ರಾಹಕನಿಂದ ಸಲಹೆಗೆ ಶುಲ್ಕ, ಅವನಿಗೆ ಮಾರಿದ್ದಕ್ಕೆ ಕಮಿಷನ್ ಎರಡನ್ನೂ ಪಡೆಯುವಂತಿಲ್ಲ ಎಂದು 2020ರಲ್ಲಿ ಅದನ್ನು ಬಿಗಿ ಮಾಡಿತು. ಹೀಗೆ ‘ಬೇಡ’ ಎಂದರೂ ನಷ್ಟವಾಗದ ಒಂದು ಜೀವನೋಪಾಯ ನಮ್ಮಲ್ಲಿ ಹುಟ್ಟಿತು. ಮೂರನೇ ಸೈಟು ಬೇಡ, ತಿಂಗಳಿಗೆ ಶೇ 3 ಬಡ್ಡಿ ಕೊಡುತ್ತೇನೆನ್ನುವವರ ಸಹವಾಸ ಬೇಡ, ನಿವೃತ್ತಿಯ ಹಣ ಮುರಿದು ಮಗನ ಕಾಲೇಜು ಡೊನೇಷನ್ ಕಟ್ಟುವುದು ಬೇಡ. ಈ ಕಸುಬಿನ ಹೆಮ್ಮೆ ಇರುವುದು ಇಲ್ಲಿ ಎಂಬುದು ನನ್ನ ನಂಬಿಕೆ.

2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿದು 26 ಸಾವಿರದ ಕೆಳಗೆ ಬಂತು. ಕೊರೊನಾ ಭಯ ಬೇರೆ. ಸಾವಿರಾರು ಮನೆಗಳಲ್ಲಿ ಒಂದೇ ಮಾತು: ಉಳಿದಷ್ಟನ್ನಾದರೂ ತೆಗೆದುಬಿಡೋಣ. ಆ ವರ್ಷದ ಕೊನೆಗೆ ಸೂಚ್ಯಂಕ 47 ಸಾವಿರ ದಾಟಿತ್ತು. ಹಾಗಾಗುತ್ತದೆ ಎಂದು ಮಾರ್ಚಿನಲ್ಲಿ ಯಾವ ಯೋಜಕನಿಗೂ ತಿಳಿದಿರಲಿಲ್ಲ. ತಿಳಿದಿತ್ತು ಎನ್ನುವವರನ್ನು ನಂಬಬೇಡಿ. ಆದರೆ ಆರು ತಿಂಗಳ ಮನೆಖರ್ಚನ್ನು ಮೊದಲೇ ಎಫ್‌ಡಿಯಲ್ಲಿ ಇಡಿಸಿದ್ದವರು ಫೋನಿನಲ್ಲಿ ಧೈರ್ಯವಾಗಿ ಹೇಳಬಹುದಿತ್ತು: ‘ಎಸ್‌ಐಪಿ ನಡೆಯಲಿ. ಅಕ್ಕಿ, ಬಾಡಿಗೆ, ಔಷಧಿಗೆ ಬೇಕಾದ್ದು ಬೇರೆಯೇ ಇದೆ.’ ಅದಕ್ಕೂ ಮೂರು ವರ್ಷ ಹಿಂದೆ, ಎಲ್ಲ ಚೆನ್ನಾಗಿದ್ದಾಗ, ಒತ್ತಾಯಿಸಿ ಎಫ್‌ಡಿ ಮಾಡಿಸಿದ್ದಕ್ಕೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಲೆಕ್ಕ ಹಾಕುವುದು ಈ ಕೆಲಸದ ಸುಲಭದ ಪಾಲು. ಅದನ್ನು ಇಂದು ಮೊಬೈಲ್ ಆ್ಯಪ್ ಕೂಡ ಮಾಡುತ್ತದೆ. ಕಷ್ಟದ್ದು ಎಂದರೆ ಗಂಡ ಹೆಂಡತಿ ಇಬ್ಬರನ್ನೂ ಎದುರು ಕೂರಿಸಿ, ಒಬ್ಬರಿಗೆ ಗೊತ್ತಿಲ್ಲದ ಕೈಸಾಲವನ್ನು ಇನ್ನೊಬ್ಬರು ಬಾಯಿಬಿಡುವಷ್ಟು ನಂಬಿಕೆ ಹುಟ್ಟಿಸುವುದು. ‘ಅದೆಲ್ಲ ಅವರಿಗೇ ಗೊತ್ತು’ ಎಂದು ಚಹಾ ತರಲು ಎದ್ದ ಹೆಂಗಸನ್ನು ‘ಕೂತ್ಕೊಳ್ಳಿ, ನಿಮಗೂ ಗೊತ್ತಿರಬೇಕು’ ಎಂದು ತಡೆಯುವುದು. ನಾಮಿನಿ ಹಾಕಿದ್ದೇವಲ್ಲ, ವಿಲ್ ಯಾಕೆ ಎನ್ನುವ ಅಪ್ಪನಿಗೆ, ಶೇರುಗಳಿಗೆ ನಾಮಿನಿಯಾದ ಮಾತ್ರಕ್ಕೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದ್ದನ್ನು ಮನಗಾಣಿಸುವುದು. ಸಾವಿನ ಮಾತೆತ್ತಿದರೆ ‘ಬಿಡ್ತು ಅನ್ನಿ’ ಎನ್ನುವ ಮನೆಗಳಲ್ಲಿ ಇದಕ್ಕೆ ಎಷ್ಟು ಸೂಕ್ಷ್ಮ ಬೇಕೆಂದು ಹೇಳಬೇಕಿಲ್ಲ. ಅಣ್ಣತಮ್ಮಂದಿರು ಕೋರ್ಟು ಹತ್ತದೆ ಉಳಿದರೆ ಅದರ ಹಿಂದೆ ಹೀಗೆ ಬರೆಸಿದ ಎರಡು ಪುಟದ ವಿಲ್ ಇರಬಹುದು.

ವೃತ್ತಿಗೆ ಬರುವ ಹುಡುಗ ಹುಡುಗಿಯರಿಗೆ ಮೊದಲ ಕೆಲವು ವರ್ಷ ಹೊಟ್ಟೆ ತುಂಬುವುದು ಸುಲಭವಲ್ಲ. ಸೆಬಿ ನೋಂದಣಿಯ ಸಲಹೆಗಾರರು ಇಷ್ಟು ದೊಡ್ಡ ದೇಶಕ್ಕೆ ಬೆರಳೆಣಿಕೆಯಷ್ಟು ಎನ್ನುವಂತಿರುವುದಕ್ಕೆ ಅದೂ ಒಂದು ಕಾರಣ. ಡಾಕ್ಟರಿಗೆ, ವಕೀಲರಿಗೆ ಫೀಸು ಕೊಡುವ ನಾವು ದುಡ್ಡಿನ ಸಲಹೆ ಮಾತ್ರ ಪುಕ್ಕಟೆ ಸಿಗಬೇಕು ಎನ್ನುತ್ತೇವೆ. ಪುಕ್ಕಟೆ ಎಂದು ತೋರುವ ಸಲಹೆಯ ಬೆಲೆ ಇಪ್ಪತ್ತು ವರ್ಷದ ಕಂತಿನೊಳಗೆ ಸೇರಿರುತ್ತದೆ. ಆದ್ದರಿಂದ ಹೊಸ ಯೋಜಕರು ಮೊದಲ ಭೇಟಿಯಲ್ಲೇ, ಫೈಲು ತೆರೆಯುವ ಮುಂಚೆ, ತಮ್ಮ ಶುಲ್ಕ ಎಷ್ಟೆಂದು ಸಂಕೋಚವಿಲ್ಲದೆ ಹೇಳಲಿ. ಹಾಸನದಲ್ಲೋ ಗದಗಿನಲ್ಲೋ ಒಂದು ಕುಟುಂಬ ಆ ಶುಲ್ಕವನ್ನು ರಸೀದಿ ಪಡೆದು ಕೊಟ್ಟರೆ, ಯೋಜಕರು ಅಂದಿನಿಂದ ಆ ಮನೆಯವರಿಗಾಗಿಯೇ ದುಡಿಯಬಹುದು.