ಲಿನಕ್ಸ್ ಗಣಕದಲ್ಲಿ ವಿಂಡೋಸ್ ತಂತ್ರಾಂಶ : ತೊಡಕು ಮತ್ತು ಪರಿಹಾರ

ಒಂದು ಭಾಷೆಯ ಗ್ರಂಥವನ್ನು ಆ ಭಾಷೆಯನ್ನರಿಯದವನ ಕೈಗಿತ್ತರೆ ದೋಷವು ಗ್ರಂಥದ್ದೂ ಅಲ್ಲ, ಓದುಗನದ್ದೂ ಅಲ್ಲ. ನಡುವೆ ದುಭಾಷಿಯಿಲ್ಲದಿರುವುದೇ ತೊಡಕು. ವಿಂಡೋಸ್‌ಗಾಗಿ ರಚಿತವಾದ ತಂತ್ರಾಂಶವು ಲಿನಕ್ಸ್ ಗಣಕದಲ್ಲಿ ಮೂಕವಾಗುವುದು ಇದೇ ಕಾರಣದಿಂದ. ಕಡತವನ್ನು ತೆರೆಯಲು, ತೆರೆಯ ಮೇಲೆ ಅಕ್ಷರ ಮೂಡಿಸಲು ಅದು ವಿಂಡೋಸಿನ ಸೇವೆಗಳನ್ನು ಹೆಸರು ಹಿಡಿದು ಕರೆಯುತ್ತದೆ. ಲಿನಕ್ಸಿನಲ್ಲಿ ಆ ಹೆಸರಿಗೆ ಓಗೊಡುವವರಿಲ್ಲ.

ಈ ದುಭಾಷಿಯ ಕಾರ್ಯವನ್ನು ಕೈಗೊಂಡುದೇ 'ವೈನ್'. 1993ರಲ್ಲಿ ಆರಂಭವಾದ ಈ ಸ್ವತಂತ್ರ ತಂತ್ರಾಂಶದ ರಚನೆಯನ್ನು 1994ರಿಂದ ಅಲೆಕ್ಸಾಂಡರ್ ಜುಲ್ಯಾರ್ ಅವರು ಮುನ್ನಡೆಸಿದರು, ಅದರ 1.0 ಆವೃತ್ತಿ ಹೊರಬಂದುದು 2008ರಲ್ಲಿ. ಅದು ಇಡೀ ಯಂತ್ರವನ್ನು ಅನುಕರಿಸುವುದಿಲ್ಲ; ಬಂದ ಕರೆಯೊಂದೊಂದನ್ನೂ ಲಿನಕ್ಸಿಗೆ ತಿಳಿಯುವಂತೆ ಅನುವಾದಿಸುತ್ತದೆ.

ವೈನ್ ಇದ್ದೂ ಸ್ಥಾಪನೆ ಕೈಕೊಟ್ಟಲ್ಲಿ ಕ್ರಮವರಿತು ಶೋಧಿಸಬೇಕು. ಮೊದಲನೆಯದು, ತಂತ್ರಾಂಶವು 32 ಬಿಟ್‌ನದೋ 64 ಬಿಟ್‌ನದೋ ಎಂಬ ವಿವೇಚನೆ. ಹಳೆಯವು ಪ್ರಾಯಶಃ 32 ಬಿಟ್‌ನವು. ಅದಕ್ಕೆ ತಕ್ಕ ವೈನ್ ಭಾಗವೂ ಗಣಕದಲ್ಲಿರಬೇಕು. ಎರಡನೆಯದು, ಪ್ರತಿಯೊಂದು ತಂತ್ರಾಂಶಕ್ಕೂ 'ಪ್ರಿಫಿಕ್ಸ್' ಎಂಬ ಪ್ರತ್ಯೇಕ ಕೋಶ. ಹೀಗಾದರೆ ಒಂದರ ದೋಷ ಮತ್ತೊಂದಕ್ಕೆ ತಗಲದು. ಮೂರನೆಯದು, ಸ್ಥಾಪನೆಯನ್ನು ಟರ್ಮಿನಲ್‌ನಿಂದ ಆರಂಭಿಸಿ ಸಂದೇಶಗಳನ್ನು ಓದುವುದು. 'ಫಿಕ್ಸ್‌ಮಿ' ಎಂಬ ಸಾಲುಗಳು ಬಹುಮಟ್ಟಿಗೆ ನಿರುಪದ್ರವಿಗಳು. 'ಎರ್' ಎಂದು ಮೊದಲಾಗುವ ಸಾಲು ಕಾಣೆಯಾದ ಗ್ರಂಥಾಲಯ ಕಡತದ ಹೆಸರನ್ನು ಹೇಳುವುದುಂಟು. ಅಂಥದನ್ನು 'ವೈನ್‌ಟ್ರಿಕ್ಸ್' ಎಂಬ ಸಾಧನದಿಂದ ತುಂಬಬಹುದು. ವಿಂಡೋಸಿನ ಯಾವ ಆವೃತ್ತಿಯೆಂದು ತೋರಬೇಕೆಂಬುದನ್ನು 'ವೈನ್‌ಸಿಎಫ್‌ಜಿ'ಯಲ್ಲಿ ಬದಲಿಸಿ ನೋಡುವುದು ನಾಲ್ಕನೆಯದು.

ಎಲ್ಲ ವ್ಯಾಧಿಗೂ ಇದೇ ಔಷಧವಲ್ಲ. ಯಂತ್ರಾಂಶದ ಚಾಲಕಗಳನ್ನು ಅವಲಂಬಿಸಿದವು ಸಾಮಾನ್ಯವಾಗಿ ವೈನ್‌ಗೆ ಒಗ್ಗುವುದಿಲ್ಲ. ಅಲ್ಲಿ ಕಾಲ್ಪನಿಕ ಗಣಕದೊಳಗೆ ವಿಂಡೋಸನ್ನೇ ನೆಲೆಗೊಳಿಸಬೇಕಾದೀತು. ವಿಂಡೋಸಿನ ವೈರಸ್ಸೂ ವೈನ್ ಮೂಲಕ ನಡೆಯಬಲ್ಲುದಾದ್ದರಿಂದ ಮೇಲಧಿಕಾರಿಯ ಖಾತೆಯಲ್ಲಿ ಅದನ್ನು ನಡೆಸುವುದು ಅಪಾಯಕರ.

ಕನ್ನಡ ಶಾಲೆಗಳಿಗೆ ಇದರಲ್ಲೊಂದು ವಿಶೇಷ ಪಾಠವಿದೆ. ಯೂನಿಕೋಡ್ ಬಳಕೆಗೆ ಮುನ್ನ ಬೆರಳಚ್ಚಾದ ಕನ್ನಡ ಕಡತಗಳು, ಆಯಾ ಅಕ್ಷರಶೈಲಿಯಿಲ್ಲದ ಗಣಕದಲ್ಲಿ, ಅರ್ಥಹೀನ ರೋಮನ್ ಚಿಹ್ನೆಗಳಾಗಿ ತೋರುತ್ತವೆ. ಕೆಟ್ಟವೆಂದು ಬಗೆದು ಅವನ್ನು ಅಳಿಸಿದರೆ ಸಂಸ್ಥೆಯ ಚರಿತ್ರೆಯೇ ಅಳಿದಂತೆ. ಅವಕ್ಕೆ ಬೇಕಾದುದು ಅನೇಕವೇಳೆ ಇಡೀ ತಂತ್ರಾಂಶವಲ್ಲ. ಅಕ್ಷರಶೈಲಿಯ ಕಡತವನ್ನು ಲಿನಕ್ಸಿನಲ್ಲಿ ನೇರವಾಗಿ ಸ್ಥಾಪಿಸಿದರೆ ಓದಲು ಬರುತ್ತವೆ. ಬಳಿಕ ಯೂನಿಕೋಡ್‌ಗೆ ಪರಿವರ್ತಿಸಿಡಬಹುದು. ಹೊಸ ಬರವಣಿಗೆಗಂತೂ ಲಿನಕ್ಸಿನಲ್ಲೇ ಕಗಪ ಕೀಲಿಮಣೆ ವಿನ್ಯಾಸವಿದೆ. ತೊಡಕಿನ ಮೂಲವನ್ನರಿತವನಿಗೆ ಪರಿಹಾರವು ಹಲವೊಮ್ಮೆ ನಿರೀಕ್ಷೆಗಿಂತ ಕಿರಿದಾಗಿರುತ್ತದೆ.