ಕರಾವಳಿಯ ಊಟ: ಊರಿಗೊಂದು, ಋತುವಿಗೊಂದು

ಬೇಸಗೆಯ ರಜೆಯಲ್ಲಾಗಲಿ ದಸರೆಯ ಬಿಡುವಿನಲ್ಲಾಗಲಿ ಘಟ್ಟವಿಳಿದು ಸಮುದ್ರದರ್ಶನಕ್ಕೆ ಹೊರಡುವ ಕುಟುಂಬಗಳು, ನೋಡಬೇಕಾದ ದೇವಾಲಯಗಳ ಪಟ್ಟಿಯನ್ನೂ ತಂಗುವ ವ್ಯವಸ್ಥೆಯನ್ನೂ ಬಹು ಮುತುವರ್ಜಿಯಿಂದ ಸಿದ್ಧಪಡಿಸಿಕೊಳ್ಳುತ್ತವೆಯಾದರೂ, ಉಣ್ಣುವ ವಿಷಯವನ್ನು ಮಾತ್ರ ಹೆದ್ದಾರಿಯ ಬದಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ಹೋಟೆಲಿನ ದಯೆಗೆ ಬಿಟ್ಟುಬಿಡುವುದುಂಟು. ಬೆಂಗಳೂರಿನ ಪ್ರತಿ ಬೀದಿಯಲ್ಲಿಯೂ ದೊರೆಯುವ ಪನೀರ್ ಮಸಾಲೆಯನ್ನು ಮಲ್ಪೆಯ ಮರಳಿನ ಸಮೀಪದಲ್ಲಿ ಕುಳಿತು ತಿನ್ನುವುದರಲ್ಲಿ ಪಾಪವೇನೂ ಇಲ್ಲ. ಆದರೆ ಅಷ್ಟಕ್ಕಾಗಿ ಘಟ್ಟದ ತಿರುವುಗಳಲ್ಲಿ ಮಕ್ಕಳ ಹೊಟ್ಟೆ ತೊಳಸುವಂತೆ ಮಾಡಬೇಕಾಗಿರಲಿಲ್ಲ.

ತಲಪಾಡಿಯಿಂದ ಕಾರವಾರದಾಚೆಯ ಮಾಜಾಳಿಯವರೆಗೆ ಸುಮಾರು 300 ಕಿಲೋಮೀಟರ್ ಹಬ್ಬಿರುವ ಈ ತೀರಕ್ಕೆಲ್ಲ ಅಕ್ಕಿಯೂ ತೆಂಗಿನಕಾಯಿಯೂ ಸಮಾನ ಸಂಪತ್ತು. ಆದರೂ ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ ಎಂದು ನದಿಗಳನ್ನು ದಾಟಿದಂತೆಲ್ಲ ಅಡುಗೆಯ ರುಚಿ ಬದಲಾಗುತ್ತದೆ. ಮಂಗಳೂರಿನ ಕಡೆ ಹುಣಿಸೆಹುಳಿಯಲ್ಲಿ ಕುದಿಯುವ ಬಂಗುಡೆಯ ಸಾರಿಗೆ ಕಾರವಾರದ ಹಲವು ಮನೆಗಳಲ್ಲಿ ಮುರುಗಲ ಸಿಪ್ಪೆ ಬೀಳುತ್ತದೆ, ಜೊತೆಗೆ ನಾಲಗೆಯನ್ನು ಸ್ವಲ್ಪ ಜುಮ್ಮೆನಿಸುವ ಜುಮ್ಮನಕಾಯಿಯೂ ಸೇರುತ್ತದೆ. ಕುಂದಾಪುರದ ಕೋಳಿಸಾರು, ಭಟ್ಕಳದ ನವಾಯತರ ಬಿರಿಯಾನಿ, ಮಂಗಳೂರಿನ ಕ್ರೈಸ್ತರ ಮನೆಯ ಸನ್ನ, ಇವೆಲ್ಲ ಒಂದೇ ಹೆದ್ದಾರಿಯ ಮೇಲಣ ಬೇರೆ ಬೇರೆ ಲೋಕಗಳು.

ಬೆಳಗಿನ ಉಪಾಹಾರಕ್ಕೆ ನೀರುದೋಸೆಯನ್ನು ಮೀರಿಸಿದುದು ಇಲ್ಲಿಲ್ಲವೆಂಬುದು ನನ್ನ ಅಭಿಪ್ರಾಯ. ಉದ್ದಿಲ್ಲದೆ, ಹುಳಿಬರಿಸುವ ಗೊಡವೆಯೂ ಇಲ್ಲದೆ, ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ ನೀರಿನಂತೆ ತೆಳುವಾಗಿಸಿ ಕಾದ ಕಾವಲಿಗೆ ಹುಯ್ದು ಬೇಯಿಸುವ ಈ ದೋಸೆ, ಕಾಯಿಬೆಲ್ಲದೊಡನೆ ಮಕ್ಕಳಿಗೂ ಕೋಳಿಸಾರಿನೊಡನೆ ಹಿರಿಯರಿಗೂ ಸಮನಾಗಿ ಒಗ್ಗುತ್ತದೆ. ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಮಾಡಿದ ಕೊಟ್ಟೆಯಲ್ಲಿ ಬೆಂದ ಕಡುಬಿಗೆ ಎಲೆಯ ಪರಿಮಳವೇ ಅರ್ಧ ರುಚಿ. ಮಾಗಿ ಮೆತ್ತಗಾದ ಬಾಳೆಹಣ್ಣನ್ನು ಮೈದಾ ಮತ್ತು ಮೊಸರಿನೊಡನೆ ಕಲಸಿ ಕರಿದ ಬನ್ಸು ಸಂಜೆಯ ಚಹಾಕ್ಕೂ ಸರಿಯೇ.

ಮೀನು ತಿನ್ನುವವರು ಪಂಚಾಂಗವನ್ನು ಸ್ವಲ್ಪ ನೋಡಿಕೊಂಡು ಹೊರಡಬೇಕು. ಮೀನುಗಳ ಸಂತಾನವೃದ್ಧಿಗೆಂದು ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನಗಳ ಕಾಲ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದು ನಿಷಿದ್ಧ. ಆಗ ನಾಡದೋಣಿಗಳು ಸಮುದ್ರದ ಕೃಪೆಯಿದ್ದಷ್ಟು ತರುವ ಮೀನು, ಹೊಳೆಯ ಮೀನು, ಇಲ್ಲವೆ ಬೇಸಗೆಯಲ್ಲಿ ಒಣಗಿಸಿಟ್ಟದ್ದೇ ಆಧಾರ. ಆ ತಿಂಗಳುಗಳಲ್ಲಿ ಹೋಟೆಲಿನ ಫಲಕದ ಮೇಲೆ ಎಲ್ಲ ಬಗೆಯ ಮೀನಿನ ಹೆಸರೂ ಮೆರೆಯುತ್ತಿದ್ದರೆ, ಅದರಲ್ಲಿ ಬಹುಪಾಲು ಮಂಜುಗಡ್ಡೆಯೊಳಗಿಂದ ಎದ್ದುಬಂದದ್ದೆಂದು ತಿಳಿಯಬಹುದು. ಮಲ್ಪೆ, ಗಂಗೊಳ್ಳಿ, ತದಡಿಯಂಥ ಬಂದರುಗಳಿಗೆ ಬೆಳಗ್ಗೆ ಮಕ್ಕಳನ್ನು ಕರೆದೊಯ್ದರೆ, ತಟ್ಟೆಗೆ ಬರುವ ಮುನ್ನ ಮೀನು ಎಂತಿರುತ್ತದೆಂಬುದನ್ನು ಅವರು ಕಣ್ಣಾರೆ ಕಾಣುವರು: ಕಣ್ಣು ನಿರ್ಮಲವಾಗಿ ಉಬ್ಬಿರಬೇಕು, ಕಿವಿರು ಕೆಂಪಾಗಿರಬೇಕು, ಒತ್ತಿದ ಬೆರಳಿನ ಗುರುತು ಮಾಂಸದಲ್ಲಿ ಉಳಿಯಬಾರದು. ಅಂಜಲಿನ ದಪ್ಪ ತುಂಡುಗಳನ್ನು ಎಲ್ಲರೂ ಕೇಳಿ ತಿನ್ನುತ್ತಾರೆ. ರವೆಯಲ್ಲಿ ಹೊರಳಿಸಿ ಗರಿಗರಿಯಾಗಿ ಕಾಯಿಸಿದ ಕಾಣೆಯೇ ಅದಕ್ಕಿಂತ ನಯವಾದುದು. ಬಡವರ ಮೀನೆಂದು ಹೀನೈಸಲ್ಪಡುವ ಬೂತಾಯಿಯ ಪುಳಿಮುಂಚಿಯನ್ನು ಕುಚ್ಚಲಕ್ಕಿಯ ಅನ್ನದೊಡನೆ ಉಂಡವರಂತೂ ಅಂಜಲಿನ ಬೆಲೆಯನ್ನು ವಿಚಾರಿಸುವುದನ್ನೇ ಬಿಟ್ಟಾರು. ಮುಳ್ಳು ಬಿಡಿಸುವ ತಾಳ್ಮೆ ಮಾತ್ರ ಬೇಕು, ಮಕ್ಕಳಿಗೆ ಆ ಕೆಲಸವನ್ನು ದೊಡ್ಡವರೇ ಮಾಡಿಕೊಡಬೇಕು.

ಸಸ್ಯಾಹಾರಿಗಳಿಗೆ ಇಲ್ಲಿ ಕೊರತೆಯೆಂಬ ಮಾತು ಅಜ್ಞಾನದ್ದು. ಉಡುಪಿಯ ದಕ್ಷಿಣಕ್ಕೆ ಕಡಲಿಗಂಟಿಕೊಂಡಿರುವ ಮಟ್ಟು ಗ್ರಾಮದಲ್ಲಿ ಬೆಳೆಯುವ, ತಿಳಿಹಸುರಿನ ಗುಂಡು ಬದನೆಯಾದ ಮಟ್ಟುಗುಳ್ಳದ ಬೀಜವನ್ನು ವಾದಿರಾಜ ಸ್ವಾಮಿಗಳು ಅನುಗ್ರಹಿಸಿದರೆಂಬ ಪ್ರತೀತಿಯುಂಟು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಮಳೆಗಾಲ ಕಳೆದು ಇದರ ಬೆಳೆ ಬಂದ ಮೇಲೆ ಹೋದವರು ಗುಳ್ಳದ ಹುಳಿಯನ್ನು ಕೇಳಿ ಬಡಿಸಿಕೊಳ್ಳತಕ್ಕದ್ದು. ಮಳೆಯಲ್ಲಿ ಹೋದವರ ಪಾಲಿಗೆ ಪತ್ರೊಡೆಯಿದೆ. ಕೆಸುವಿನೆಲೆಗೆ ಗಂಟಲು ತುರಿಸುವ ಗುಣವಿರುವುದರಿಂದ, ಅಕ್ಕಿಹಿಟ್ಟಿನ ಮಸಾಲೆಯಲ್ಲಿ ಹುಣಿಸೆಹುಳಿಯನ್ನು ಧಾರಾಳವಾಗಿ ಸೇರಿಸಿ, ಹಚ್ಚಿ, ಸುರುಳಿ ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸುವರು. ಹುಳಿಯಲ್ಲಿ ಜಿಪುಣತನ ಮಾಡಿದ ಅಡುಗೆಯವರ ಹೆಸರನ್ನು ಉಂಡವರು ಬಹುಕಾಲ ಸ್ಮರಿಸುತ್ತಾರೆ.

ಖಾರಕ್ಕೆ ಹೆದರುವ ಮಕ್ಕಳಿಗೆ ಒತ್ತುಶ್ಯಾವಿಗೆಯ ಮೇಲೆ ಸಿಹಿಯಾದ ಕಾಯಿಹಾಲು, ಪ್ರಯಾಣದಿಂದ ಬಳಲಿದ ವೃದ್ಧರಿಗೆ ಕುಚ್ಚಲಕ್ಕಿಯ ಗಂಜಿ ಮತ್ತು ಉಪ್ಪಿನಕಾಯಿ, ಬಿಸಿಲಿನಲ್ಲಿ ಅಲೆದವರಿಗೆಲ್ಲ ಪುನರ್ಪುಳಿಯ ಕೆಂಪು ಶರಬತ್ತು. ಊರಿಗೆ ಮರಳುವಾಗ ಒಣಗಿಸಿದ ಪುನರ್ಪುಳಿಯ ಸಿಪ್ಪೆಯನ್ನೂ ಹಲಸಿನ ಹಪ್ಪಳವನ್ನೂ ನಿಶ್ಚಿಂತೆಯಿಂದ ಚೀಲಕ್ಕೆ ತುಂಬಿಕೊಳ್ಳಬಹುದು. ಒಣಮೀನು ಕೊಳ್ಳುವವರು ಮಾತ್ರ ಬಸ್ಸಿನಲ್ಲಿ ಪಕ್ಕದ ಆಸನದವರ ಅಭಿಪ್ರಾಯವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.