ಎಣ್ಣೆ ಬೆರೆಸುವ ಮುನ್ನ ತಲೆಯನ್ನು ನೋಡಿ

ಗೋಕಾಕ ತಾಲೂಕಿನ ಮಮದಾಪುರವಿರಲಿ, ಮೂಡಲಗಿ, ಹುಕ್ಕೇರಿ ಕಡೆಯ ಊರುಗಳಿರಲಿ, ತಲೆಗೆ ಹಚ್ಚುವ ಎಣ್ಣೆಯನ್ನು ಮನೆಯಲ್ಲೇ ಕಾಯಿಸಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಕೊಬ್ಬರಿ ಎಣ್ಣೆಗೆ ಕರಿಬೇವು, ಮೆಂತ್ಯ, ದಾಸವಾಳ, ಮೆಹಂದಿ ಸೊಪ್ಪು ಹೀಗೆ ಒಂದೊಂದು ಮನೆಯದು ಒಂದೊಂದು ಪಾಕ. ಇದು ಒಳ್ಳೆಯ ರೂಢಿಯೇ. ಖರ್ಚು ಕಡಿಮೆ, ಬಾಟಲಿಯೊಳಗೆ ಏನಿದೆ ಎಂಬುದು ನಮಗೇ ಗೊತ್ತಿರುತ್ತದೆ. ಆದರೆ ಅದೇ ಒಂದು ಬಾಟಲಿಯನ್ನು ಮನೆಮಂದಿಯ ಎಲ್ಲ ತೊಂದರೆಗೂ ಬಳಸುವುದರಲ್ಲಿ ಅಪಾಯವಿದೆ. ಬಾಣಂತಿಯ ಕೂದಲು ಉದುರುವುದಕ್ಕೆ ಒಂದು ಕಾರಣ, ಅಣ್ಣನ ತಲೆಯ ಹೊಟ್ಟಿಗೆ ಇನ್ನೊಂದು, ಶಾಲೆಗೆ ಹೋಗುವ ಮಗುವಿನ ತಲೆಯ ದುಂಡು ಕಲೆಗೆ ಮತ್ತೊಂದು. ಕೆಲವಕ್ಕೆ ಎಣ್ಣೆಯಿಂದ ಉಪಕಾರವಾಗುತ್ತದೆ. ಕೆಲವು ಎಣ್ಣೆಯಿಂದಲೇ ಹೆಚ್ಚುತ್ತವೆ.

ಕೂದಲಿರುವವರು ಅದನ್ನು ಕೆದರಿಕೊಂಡಿರಲು ಬಿಡದೆ ಆರೈಕೆ ಮಾಡಬೇಕೆಂದು ಪ್ರವಾದಿ(ಸ)ರವರು ಕಲಿಸಿದ್ದು ಅಬೂದಾವೂದ್‌ನಲ್ಲಿ ವರದಿಯಾಗಿದೆ. ಝೈತೂನ್ ಎಣ್ಣೆಯನ್ನು ತಿನ್ನಲು ಮತ್ತು ಮೈಗೆ ಹಚ್ಚಿಕೊಳ್ಳಲು ಹೇಳಿದ ವಚನ ತಿರ್ಮಿದಿಯಲ್ಲಿದೆ. ಕಲೋಂಜಿಯ ಗುಣವನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ವರದಿ ಮಾಡಿವೆ. ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದು ಆದೇಶಿಸಿದವರೂ ಅದೇ ಪ್ರವಾದಿ(ಸ)ರವರು. ಆದ್ದರಿಂದ ಎಣ್ಣೆ ಹಚ್ಚುವುದೂ ವೈದ್ಯರ ಬಳಿ ಹೋಗುವುದೂ ಒಂದಕ್ಕೊಂದು ವಿರುದ್ಧವಲ್ಲ. ಯಾವುದಕ್ಕೆ ಯಾವುದು ಎಂದು ತಿಳಿದಿರಬೇಕು, ಅಷ್ಟೆ.

ಎಣ್ಣೆ ಮಾಡುವ ಕೆಲಸ

ಕೂದಲು ಬುಡದಲ್ಲಿ ಹುಟ್ಟಿ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹೊರಗೆ ಕಾಣುವ ಎಳೆಗೆ ಜೀವವಿಲ್ಲ. ಅದಕ್ಕೆ ಬೇಕಾದ ಆಹಾರ ರಕ್ತದಿಂದ ಬುಡಕ್ಕೆ ಹೋಗುತ್ತದೆಯೇ ಹೊರತು ಹಚ್ಚಿದ ಎಣ್ಣೆಯಿಂದಲ್ಲ. ಎಣ್ಣೆ ಕಾಪಾಡುವುದು ಆ ಎಳೆಯನ್ನು. ಒಣಗದಂತೆ, ಬಾಚುವಾಗ ಮುರಿಯದಂತೆ, ತುದಿ ಸೀಳದಂತೆ ನೋಡಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೂ ಇಳಿದು, ತೊಳೆಯುವಾಗ ಅದರ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸುತ್ತದೆ ಎಂದು ಮುಂಬೈಯ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಸೂರ್ಯಕಾಂತಿ ಎಣ್ಣೆಯಲ್ಲಾಗಲಿ ಖನಿಜ ಎಣ್ಣೆಯಲ್ಲಾಗಲಿ ಈ ಗುಣ ಅವರಿಗೆ ಕಾಣಲಿಲ್ಲ. ಅವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಗೆ ಸೇರಿದವರು ಎಂಬುದೂ ನೆನಪಿರಲಿ. ಬೋಳಾದ ಜಾಗದಲ್ಲಿ ಕೂದಲು ಹುಟ್ಟಿಸುವ, ನರೆತ ಕೂದಲನ್ನು ಬುಡದಿಂದ ಕಪ್ಪಾಗಿಸುವ ಎಣ್ಣೆ ಇಲ್ಲ.

ಕಾಯಿಸುವ ಕ್ರಮ

ಮನೆಯ ಎಣ್ಣೆ ಕೆಡುವುದು ಹೆಚ್ಚಾಗಿ ನೀರಿನಿಂದ. ಹಸಿ ಸೊಪ್ಪನ್ನು ತೊಳೆದು ಹಾಗೇ ಎಣ್ಣೆಗೆ ಹಾಕಿದರೆ ನೀರಿನಂಶ ಉಳಿದು ಬೂಸ್ಟು ಹಿಡಿಯುತ್ತದೆ. ತೊಳೆದ ಎಲೆ, ಹೂಗಳನ್ನು ನೆರಳಲ್ಲಿ ಎರಡು ಮೂರು ದಿನ ಆರಿಸಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಒಣಗಿಸಿ. ಅಗಲವಾದ ಪಾತ್ರೆಯಲ್ಲಿ ನೀರು ಕಾಯಲು ಇಟ್ಟು, ಅದರೊಳಗೆ ಎಣ್ಣೆಯ ಪಾತ್ರೆ ಇಡಿ. ಎಣ್ಣೆಗೆ ನೀರು ಸಿಡಿಯದಂತೆ ಸಣ್ಣ ಉರಿಯಲ್ಲಿ ಅರ್ಧ ತಾಸು ಬಿಸಿ ಮಾಡಿದರೆ ಸಾಕು. ಹೊಗೆ ಏಳುವವರೆಗೆ ಕಾಯಿಸಿದರೆ ಸೊಪ್ಪೂ ಕರಕಾಗುತ್ತದೆ, ಎಣ್ಣೆಯೂ ಹಾಳಾಗುತ್ತದೆ. ಆರಿದ ಮೇಲೆ ಒಣ ಬಟ್ಟೆಯಲ್ಲಿ ಸೋಸಿ ಗಾಜಿನ ಬಾಟಲಿಗೆ ತುಂಬಿ, ಮೇಲೆ ತಾರೀಖು ಬರೆದಿಡಿ. ಒಮ್ಮೆಗೆ ಕಾಲು ಲೀಟರಿಗಿಂತ ಹೆಚ್ಚು ಮಾಡಬೇಡಿ. ಎರಡು ತಿಂಗಳೊಳಗೆ ಮುಗಿಸಿ. ಕಮಟು ವಾಸನೆ ಬಂದರೆ ಚೆಲ್ಲಿಬಿಡಿ.

ಹೊಸ ಎಣ್ಣೆಯನ್ನು ನೇರವಾಗಿ ತಲೆಗೆ ಹಚ್ಚದೆ, ಮೊಣಕೈಯ ಒಳಬದಿಗೆ ಎರಡು ಹನಿ ಸವರಿ ಒಂದು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಆ ಎಣ್ಣೆ ನಿಮಗೆ ಆಗದು.

ಒಣಗಿದ, ಸೀಳಿದ ಕೂದಲಿಗೆ

ಕೊಬ್ಬರಿ ಎಣ್ಣೆ 200 ಮಿ.ಲೀ., ಎಳ್ಳೆಣ್ಣೆ 50 ಮಿ.ಲೀ., ಒಣಗಿಸಿದ ಕರಿಬೇವು ಒಂದು ಹಿಡಿ, ಒಣ ದಾಸವಾಳ ಹೂ ನಾಲ್ಕೈದು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಎಳ್ಳೆಣ್ಣೆ ಬೆರೆತರೆ ಹಚ್ಚಲು ಸುಲಭ. ವಾರಕ್ಕೆ ಎರಡು ಸಲ, ಸ್ನಾನಕ್ಕೆ ಎರಡು ತಾಸು ಮೊದಲು, ಬುಡಕ್ಕಿಂತ ಹೆಚ್ಚಾಗಿ ಕೂದಲಿನ ಉದ್ದಕ್ಕೂ ತುದಿಗೂ ಸವರಿ. ಝೈತೂನ್ ಎಣ್ಣೆ ಇರುವವರು ಎಳ್ಳೆಣ್ಣೆಯ ಬದಲು ಅದನ್ನೇ ಸೇರಿಸಬಹುದು. ಕೊಳವೆ ಬಾವಿಯ ನೀರು ಸವಳಾಗಿದ್ದರೆ ಸಾಬೂನು ನೊರೆ ಕೊಡದೆ ಕೂದಲಿಗೆ ಅಂಟಿ ಉಳಿಯುತ್ತದೆ. ಅಂಥಲ್ಲಿ ತಲೆಗೆ ಸಾಬೂನು ಬೇಡ. ಸೀಗೆಕಾಯಿ ಅಥವಾ ಶಾಂಪೂ ಬಳಸಿ, ಕೊನೆಯ ಒಂದು ಚೊಂಬು ಮಳೆನೀರೋ ಕಾಲುವೆಯ ಶುದ್ಧ ನೀರೋ ಆಗಿದ್ದರೆ ಒಳ್ಳೆಯದು.

ತೆಳ್ಳಗಾಗಿ ಮುರಿಯುವ ಕೂದಲಿಗೆ

ಕೊಬ್ಬರಿ ಎಣ್ಣೆ ಮೂರು ಪಾಲು, ಔಡಲ ಎಣ್ಣೆ ಒಂದು ಪಾಲು. ಕಾಲು ಲೀಟರಿಗೆ ಎರಡು ಚಮಚ ಮೆಂತ್ಯ ಹಾಕಿ ಕಾಯಿಸಿ. ಔಡಲ ಎಣ್ಣೆ ಬಹಳ ಮಂದ. ಅದನ್ನೊಂದನ್ನೇ ಉದ್ದ ಕೂದಲಿಗೆ ಸುರಿದುಕೊಂಡರೆ ಕೂದಲು ಜಡೆಗಟ್ಟಿ, ಬಿಡಿಸಲಾಗದೆ ಕತ್ತರಿಸಬೇಕಾದ ಸಂದರ್ಭಗಳೂ ಉಂಟು. ಹಚ್ಚುವಾಗ ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಿ. ರಭಸವಾಗಿ ಉಜ್ಜಿದರೆ ಇರುವ ಕೂದಲೇ ಕಿತ್ತು ಬರುತ್ತದೆ.

ಹೊಟ್ಟಿಗೆ

ಹೆಚ್ಚು ತಪ್ಪಾಗುವುದು ಇಲ್ಲೇ. ತಲೆ ತುರಿಸುತ್ತದೆ, ಬಿಳಿ ಹೊಟ್ಟು ಉದುರುತ್ತದೆ, ತಲೆ ಒಣಗಿದೆ ಎಂದುಕೊಂಡು ಎಣ್ಣೆ ಹಚ್ಚಿ ದಿನಗಟ್ಟಲೆ ಹಾಗೇ ಬಿಡುತ್ತೇವೆ. ಹೊಟ್ಟಿನ ಹಿಂದಿರುವುದು ಮಲಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ. ಅದು ಬದುಕುವುದೇ ಜಿಡ್ಡಿನ ಮೇಲೆ. ಎಣ್ಣೆ ನಿಂತಷ್ಟೂ ಅದಕ್ಕೆ ಹಬ್ಬ. ಆದ್ದರಿಂದ ಹೊಟ್ಟಿದ್ದಾಗ ಎಣ್ಣೆಯ ಕೆಲಸ ಅಂಟಿದ ಪದರವನ್ನು ಸಡಿಲಿಸುವುದಷ್ಟೇ. ಕೊಬ್ಬರಿ ಎಣ್ಣೆ 100 ಮಿ.ಲೀ.ಗೆ ಕಲೋಂಜಿ ಎಣ್ಣೆ ಒಂದು ಚಮಚ ಬೆರೆಸಿ, ಸ್ನಾನಕ್ಕೆ ಅರ್ಧ ತಾಸು ಮೊದಲು ತೆಳುವಾಗಿ ಹಚ್ಚಿ, ಚೆನ್ನಾಗಿ ತೊಳೆದುಬಿಡಿ. ಅಂಗಡಿಯಲ್ಲಿ ಕಲೋಂಜಿ ಕೇಳಿದಾಗ ಕಾಡುಜೀರಿಗೆ ಕೊಟ್ಟಾರು, ಎರಡೂ ಬೇರೆ. ಇಷ್ಟಕ್ಕೆ ಬಗ್ಗದಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ, ನೊರೆಯನ್ನು ಐದು ನಿಮಿಷ ತಲೆಯ ಮೇಲೆ ಬಿಟ್ಟು ತೊಳೆಯುತ್ತ, ನಾಲ್ಕು ವಾರ ಬಳಸಿ ನೋಡಿ.

ಹೇನಿಗೆ

ಹೇನು ಕೊಳಕುತನದ ಗುರುತಲ್ಲ. ತಲೆಗೆ ತಲೆ ತಾಗಿದರೆ ಯಾರಿಗೂ ಹತ್ತುತ್ತದೆ. ಹಿಜರಿ 6ನೇ ವರ್ಷ ಹುದೈಬಿಯಾದಲ್ಲಿ ಇಹ್ರಾಮ್‌ನಲ್ಲಿದ್ದ ಸಹಾಬಿ ಕಅಬ್ ಬಿನ್ ಉಜ್ರಾ(ರ)ರ ತಲೆಯಿಂದ ಹೇನುಗಳು ಮುಖದ ಮೇಲೆ ಉದುರುತ್ತಿದ್ದವು. ಅದನ್ನು ಕಂಡ ಪ್ರವಾದಿ(ಸ)ರವರು ಅವರನ್ನು ಹೀಗಳೆಯಲಿಲ್ಲ. ತಲೆ ಬೋಳಿಸಿಕೊಳ್ಳಲು ಅನುಮತಿಸಿ, ಅದಕ್ಕೆ ಪರಿಹಾರವಾಗಿ ಮೂರು ದಿನದ ಉಪವಾಸ, ಆರು ಮಂದಿ ಬಡವರಿಗೆ ಊಟ ಅಥವಾ ಒಂದು ಬಲಿ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದರು. ಹೇನಾದ ಮಗಳನ್ನು ನೆಂಟರೆದುರು ಗದರಿಸುವ ಮುನ್ನ ಈ ಘಟನೆ ನಮಗೆ ನೆನಪಾಗಬೇಕು.

ಬರೀ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿದರೆ ಹೇನಿನ ಓಟ ನಿಧಾನವಾಗಿ, ಬಾಚಿ ತೆಗೆಯುವುದು ಸುಲಭವಾಗುತ್ತದೆ. ಸೀರು ಮಾತ್ರ ಸಾಯುವುದಿಲ್ಲ. ಅವು ಏಳರಿಂದ ಹತ್ತು ದಿನದೊಳಗೆ ಒಡೆಯುತ್ತವೆ. ಹಾಗಾಗಿ ಒತ್ತು ಹಲ್ಲಿನ ಹೇನಿನ ಹಣಿಗೆಯಿಂದ ಮೂರು ದಿನಕ್ಕೊಮ್ಮೆ, ಕನಿಷ್ಠ ಎರಡು ವಾರ ಬಾಚಬೇಕು. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಬೇಕು. ಪರ್ಮೆಥ್ರಿನ್ ಲೋಷನ್ ಬಳಸುವುದಾದರೆ ಪೊಟ್ಟಣದ ಮೇಲೆ ಬರೆದಂತೆ ಹಚ್ಚಿ, ಒಂಬತ್ತು ಹತ್ತು ದಿನಕ್ಕೆ ಮತ್ತೊಮ್ಮೆ ಹಚ್ಚಬೇಕು. ಸೀಮೆಎಣ್ಣೆಯನ್ನಾಗಲಿ ಹೊಲಕ್ಕೆ ಹೊಡೆಯುವ ಔಷಧಿಯನ್ನಾಗಲಿ ತಲೆಗೆ ಎಂದೂ ಮುಟ್ಟಿಸಬಾರದು. ಒಂದಕ್ಕೆ ಬೆಂಕಿಯ ಭಯ, ಇನ್ನೊಂದು ಚರ್ಮದ ಮೂಲಕವೇ ಮೈಸೇರಿ ಪ್ರಾಣಕ್ಕೆ ಮುಳುವಾಗುವ ವಿಷ.

ಪುಟ್ಟ ಮಕ್ಕಳ ವಿಷಯದಲ್ಲಿ

ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕುವವರಿದ್ದಾರೆ. ಕರ್ಪೂರ ಹೊಟ್ಟೆಗೆ ಹೋದರೆ ಪುಟ್ಟ ಮಕ್ಕಳಿಗೆ ಫಿಟ್ಸ್ ಬರಬಹುದು. ಬೇವಿನ ಎಣ್ಣೆ ಕುಡಿಸಿದ ಹಸುಗೂಸುಗಳಿಗೂ ಹೀಗೇ ಆದದ್ದು ವೈದ್ಯರಿಗೆ ಗೊತ್ತಿದೆ. ಮಗು ಕೈಯನ್ನು ತಲೆಗೂ ಬಾಯಿಗೂ ಒಯ್ಯುತ್ತಲೇ ಇರುತ್ತದೆ. ಐದು ವರ್ಷದೊಳಗಿನವರಿಗೆ ಈ ಎರಡೂ ಬೇಡ, ಬಾಟಲಿಯೂ ಕೈಗೆಟುಕುವಲ್ಲಿ ಬೇಡ. ಕೂಸಿನ ತಲೆಯ ಮೇಲೆ ಹಕ್ಕಳೆಯಂಥ ಪದರ ಕಟ್ಟಿದ್ದರೆ ಬರೀ ಕೊಬ್ಬರಿ ಎಣ್ಣೆಯನ್ನು ಸ್ವಲ್ಪ ಸವರಿ, ಮೆದು ಬ್ರಷ್‌ನಿಂದ ಸಡಿಲಿಸಿ, ಅದೇ ಹೊತ್ತಿಗೆ ತೊಳೆಯಿರಿ.

ಬಾಟಲಿ ಪಕ್ಕಕ್ಕಿಡಬೇಕಾದಾಗ

ಮಗುವಿನ ತಲೆಯಲ್ಲಿ ದುಂಡಗೆ ಹೊಟ್ಟು ಎದ್ದು, ಅಲ್ಲಿನ ಕೂದಲು ಬುಡಕ್ಕೇ ಮುರಿದು ಕಪ್ಪು ಚುಕ್ಕೆಗಳಂತೆ ಕಂಡರೆ ಅದು ತಲೆಯ ಹುಳುಕಡ್ಡಿ ಇರಬಹುದು. ಅದು ಕೂದಲಿನ ಬುಡದೊಳಗೆ ಕೂತಿರುವುದರಿಂದ ಎಣ್ಣೆಗೂ ಮುಲಾಮಿಗೂ ಹೋಗುವುದಿಲ್ಲ. ಮಗುವಿನ ತೂಕ ನೋಡಿ ವೈದ್ಯರು ಕೊಡುವ ಮಾತ್ರೆಯನ್ನು ವಾರಗಟ್ಟಲೆ ನುಂಗಲೇಬೇಕು. ಎಣ್ಣೆ ಬದಲಿಸುತ್ತ ತಿಂಗಳುಗಳನ್ನು ಕಳೆದರೆ ಜಾಗ ಊದಿ, ಕೀವು ತುಂಬಿ, ಕೊನೆಗೆ ಕಲೆಯಾಗಿ ಅಲ್ಲಿ ಮತ್ತೆಂದೂ ಕೂದಲು ಬಾರದೆ ಹೋಗಬಹುದು. ಇದು ಹಣಿಗೆ, ಟವೆಲ್, ಕ್ಷೌರದ ಸಲಕರಣೆ ಮತ್ತು ಟೊಪ್ಪಿಯಿಂದ ಹರಡುತ್ತದೆ. ಮಸೀದಿಯ ಬುಟ್ಟಿಯ ಟೊಪ್ಪಿಗಳನ್ನು ಹತ್ತಾರು ತಲೆಗಳು ಹಾಕಿಕೊಳ್ಳುತ್ತವೆ. ಮದ್ರಸಕ್ಕೆ ಹೋಗುವ ಪ್ರತಿ ಮಗುವಿಗೂ ಅದರದೇ ಬಟ್ಟೆಯ ಟೊಪ್ಪಿ ಇರಲಿ, ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಹೊಟ್ಟೂ ಇಲ್ಲದೆ, ನೋವೂ ಇಲ್ಲದೆ, ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾದರೆ ಅದು ಬೇರೆ ಕಾಯಿಲೆ. ಅದಕ್ಕೆ ಬೆಳ್ಳುಳ್ಳಿ ತಿಕ್ಕಿ ಚರ್ಮ ಸುಟ್ಟುಕೊಳ್ಳಬೇಡಿ. ಚರ್ಮರೋಗ ತಜ್ಞರು ಚುಚ್ಚುಮದ್ದು, ಮುಲಾಮುಗಳಿಂದ ಚಿಕಿತ್ಸೆ ಕೊಡುತ್ತಾರೆ.

ತಲೆತುಂಬ ಕೂದಲು ಉದುರತೊಡಗಿದರೆ ಹಿಂದಿನ ಮೂರು ತಿಂಗಳನ್ನು ನೆನಪಿಸಿಕೊಳ್ಳಿ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ಹೆರಿಗೆ, ಟೈಫಾಯ್ಡ್, ಡೆಂಗ್ಯೂ, ದೊಡ್ಡ ಶಸ್ತ್ರಚಿಕಿತ್ಸೆ ಇವುಗಳಾದ ಎರಡು ಮೂರು ತಿಂಗಳಿಗೆ ರಾಶಿ ರಾಶಿ ಉದುರಿ, ಹೆಚ್ಚಿನವರಿಗೆ ವರ್ಷದೊಳಗೆ ಮತ್ತೆ ಬರುತ್ತದೆ. ಬರದಿದ್ದರೆ ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬಾಣಂತಿಗೆ ಎಣ್ಣೆಗಿಂತ ಮೊದಲು ಬೇಕಾದದ್ದು ಮೊಟ್ಟೆ, ಬೇಳೆ, ಶೇಂಗಾ, ಸೊಪ್ಪು ಮತ್ತು ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಕಬ್ಬಿಣಾಂಶದ ಮಾತ್ರೆ.

ಕಾರಣ ಒಳಗಿದ್ದಾಗ ಹೊರಗಿನ ಎಣ್ಣೆ ಏನೂ ಮಾಡದು ಎಂಬುದಕ್ಕೆ ಪಕ್ಕದ ಮಹಾರಾಷ್ಟ್ರವೇ ಸಾಕ್ಷಿ. 2024ರ ಕೊನೆ ಮತ್ತು 2025ರ ಆರಂಭದಲ್ಲಿ ಬುಲ್ಢಾಣಾ ಜಿಲ್ಲೆಯ ಶೇಗಾಂವ ಭಾಗದ ಹಳ್ಳಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನರ ಕೂದಲು ಕೆಲವೇ ದಿನಗಳಲ್ಲಿ ಉದುರಿತು. ನೀರು, ಶಾಂಪೂ, ಎಣ್ಣೆ ಎಲ್ಲದರ ಮೇಲೂ ಅನುಮಾನ ಹೋಯಿತು. ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ನಡೆಸಿದ ಪರೀಕ್ಷೆಗಳಲ್ಲಿ ಜನರ ರಕ್ತದಲ್ಲೂ ಅವರು ತಿನ್ನುತ್ತಿದ್ದ ಗೋಧಿಯಲ್ಲೂ ಸೆಲೆನಿಯಂ ಎಂಬ ಧಾತು ಅತಿಯಾಗಿ ಕಂಡುಬಂತು. ಅದೇ 2025ರ ಮಾರ್ಚ್‌ನಲ್ಲಿ ಪಂಜಾಬಿನ ಸಂಗರೂರಿನಲ್ಲಿ ಬೋಳುತಲೆಗೆ ಮದ್ದು ಎಂದು ಶಿಬಿರದಲ್ಲಿ ಎಣ್ಣೆ ಹಚ್ಚಿಸಿಕೊಂಡ ಅರವತ್ತಕ್ಕೂ ಹೆಚ್ಚು ಜನ ಕಣ್ಣುರಿಯಿಂದ ಆಸ್ಪತ್ರೆ ಸೇರಿದರು. ಒಳಗೇನಿದೆಯೆಂದು ಗೊತ್ತಿಲ್ಲದ ಎಣ್ಣೆಯನ್ನು ತಲೆಗೊಡ್ಡಬಾರದು.

ದುಪಟ್ಟಾ, ವುಝೂ, ದಿಂಬು

ತಲೆ ತೊಳೆದ ಮೇಲೆ ಕೂದಲು ಪೂರ್ತಿ ಒಣಗದೆ ಮೇಲೆ ಸ್ಕಾರ್ಫ್ ಕಟ್ಟಿದರೆ ತೇವ ಒಳಗೇ ಉಳಿದು ತುರಿಕೆ, ವಾಸನೆ ಬರುತ್ತದೆ. ಬೆಳಗಿನ ಅವಸರ ಇರುವ ಹುಡುಗಿಯರು ಹಿಂದಿನ ಸಂಜೆಯೇ ತಲೆಸ್ನಾನ ಮಾಡಲಿ. ಒಳಗೆ ಹತ್ತಿಯ ಟೊಪ್ಪಿ ಹಾಕಲಿ. ಜುಟ್ಟನ್ನು ಬಿಗಿಯಾಗಿ ಎಳೆದು ಕಟ್ಟುವುದರಿಂದ ಹಣೆಯ ಅಂಚಿನ ಕೂದಲು ಹಿಂದೆ ಸರಿಯುತ್ತ ಹೋಗುತ್ತದೆ, ಸಡಿಲವಾಗಿ ಹೆಣೆಯಲಿ. ಎಣ್ಣೆ ಹಚ್ಚಿದ ಕೂದಲ ಮೇಲೆ ಮಸಹ್ ಮಾಡಲು ಅಡ್ಡಿಯಿಲ್ಲ. ಗಟ್ಟಿ ಪದರವಾಗಿ ಕೂರುವ ಲೇಪಗಳನ್ನು ಮಾತ್ರ ತೊಳೆದು ತೆಗೆಯಬೇಕು. ಕಡ್ಡಾಯ ಸ್ನಾನದಲ್ಲಿ ನೀರು ಕೂದಲ ಬುಡ ಮುಟ್ಟಬೇಕು. ದಿಂಬಿನ ಗವಸು ವಾರಕ್ಕೊಮ್ಮೆ ಬದಲಾಗಲಿ, ಹಣಿಗೆ ಒಬ್ಬರಿಗೊಂದು ಇರಲಿ.

ಈ ಶುಕ್ರವಾರದ ಸ್ನಾನಕ್ಕೆ ಮುನ್ನ ಮಕ್ಕಳನ್ನು ಬೆಳಕಿನಲ್ಲಿ ಕೂರಿಸಿ, ಬೈತಲೆ ಬಿಡಿಸಿ ತಲೆಯ ಚರ್ಮವನ್ನು ಒಮ್ಮೆ ನೋಡಿ. ದುಂಡು ಕಲೆ, ಕೀವು, ಊತ ಕಂಡರೆ ಎಣ್ಣೆ ಹಚ್ಚದೆ ಗೋಕಾಕದ ಸರಕಾರಿ ಆಸ್ಪತ್ರೆಗೋ, ಬೆಳಗಾವಿಯ ಬಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ ಕರೆದೊಯ್ಯಿರಿ. ಬೇಗ ಹೋದರೆ ಹೋದ ಕೂದಲು ಮರಳಿ ಬರುತ್ತದೆ.